ದುರ್ಯೋಧನ: ಹೀರೋನಾ, ವಿಲನ್ನಾ, ಬಲಿಪಶುವಾ?

ನಮ್ಮ ಕಡೆ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡ್ತಾರೆ ಅಂದ್ಕೊಳ್ಳಿ. ಕೈಯಿಂದ ದುಡ್ಡು ಹಾಕಿ ಪಾತ್ರ ತಗೊಳ್ಳೋ ಜನ ಮೊದಲು ಕೇಳೋದು ಯಾವ ಪಾತ್ರ ಗೊತ್ತಾ? ಧರ್ಮರಾಯನನ್ನಲ್ಲ. ಕೃಷ್ಣ, ಕರ್ಣ, ಭೀಮನ ಸಾಲಿನಲ್ಲೇ ದುರ್ಯೋಧನನಿಗೂ ಪೈಪೋಟಿ. ಮೀಸೆ ತಿರುವಿ, ಗದೆ ಹೆಗಲಿಗೇರಿಸಿ ಅವನು ರಂಗಕ್ಕೆ ಬಂದರೆ ಶಿಳ್ಳೆ. 2019ರಲ್ಲಿ ಬಂದ ‘ಕುರುಕ್ಷೇತ್ರ’ ಸಿನಿಮಾಕ್ಕೂ ದುರ್ಯೋಧನನೇ ನಾಯಕ. ಕೇರಳದ ಕೊಲ್ಲಂ ಜಿಲ್ಲೆಯ ಪೊರುವಳಿಯಲ್ಲಿ ಅವನಿಗೆ ದೇವಸ್ಥಾನವೇ ಇದೆ.

ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಎಳೆತರಿಸಿದವನಿಗೆ ಇಷ್ಟೊಂದು ಅಭಿಮಾನಿಗಳು ಹೇಗೆ ಸ್ವಾಮಿ? ನಮ್ಮ ಜನಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ವಾ? ಖಂಡಿತ ಗೊತ್ತಾಗುತ್ತೆ. ಹಾಗಾದರೆ ಈ ಮೋಡಿ ಮಾಡಿದವರು ಯಾರು? ಕನ್ನಡಿಗರ ಮಟ್ಟಿಗೆ ಉತ್ತರ ಹುಡುಕಲು ಸಾವಿರ ವರ್ಷ ಹಿಂದೆ, ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಬೇಕು.

ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ. ಬೆಳೆದು ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಅನ್ನಿಸಿಕೊಂಡ. ಅವನ ‘ಗದಾಯುದ್ಧ’ಕ್ಕೆ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಹೆಸರೇ ಹೇಳುತ್ತೆ, ಕಾವ್ಯದ ಅಧಿಕೃತ ನಾಯಕ ಭೀಮ. ಕಾರಣವೂ ಇತ್ತು. ರನ್ನನಿಗೆ ಆಶ್ರಯ ಕೊಟ್ಟ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು. ಅಂದಮೇಲೆ ಎದುರಾಳಿ ಸಣ್ಣವನಾದರೆ ಗೆದ್ದ ರಾಜನೂ ಸಣ್ಣವನಾಗ್ತಾನೆ. ಹಾಗಾಗಿ ದುರ್ಯೋಧನನನ್ನು ಎತ್ತರಿಸೋದು ಆಸ್ಥಾನಕವಿಯ ಕೆಲಸದ ಭಾಗವೇ ಆಗಿತ್ತು. ಆದರೆ ಆದದ್ದು ಏನು? ಎತ್ತರಿಸುತ್ತಾ ಎತ್ತರಿಸುತ್ತಾ ಎದುರಾಳಿ ಇಡೀ ಕಾವ್ಯವನ್ನೇ ಆವರಿಸಿಕೊಂಡ. ಓದಿ ಮುಗಿಸಿದವರ ಮನಸ್ಸಲ್ಲಿ ಗೆದ್ದ ಭೀಮನಿಗಿಂತ ಬಿದ್ದ ದುರ್ಯೋಧನನೇ ಹೆಚ್ಚು ಉಳಿಯುತ್ತಾನೆ.

ರನ್ನ ಇದನ್ನು ಸಾಧಿಸಿದ್ದು ಹೇಗೆ? ನಮ್ಮ ಟಿವಿ ಭಾಷೆಯಲ್ಲಿ ಹೇಳೋದಾದರೆ, ಕ್ಯಾಮೆರಾ ಇಟ್ಟ ಜಾಗದಿಂದ. ಅವನು ಕಥೆಯನ್ನು ಜೂಜಿನ ದಿನದಿಂದ ಶುರು ಮಾಡೋದಿಲ್ಲ. ಯುದ್ಧ ಹೆಚ್ಚುಕಮ್ಮಿ ಮುಗಿದ ಮೇಲೆ ಶುರು ಮಾಡ್ತಾನೆ. ಹಿಂದಿನದ್ದೆಲ್ಲ ಸಿಂಹಾವಲೋಕನ ಕ್ರಮದಲ್ಲಿ, ಈಗಿನವರು ಫ್ಲ್ಯಾಶ್‌ಬ್ಯಾಕ್ ಅಂತಾರಲ್ಲ, ಹಾಗೆ ಬಂದು ಹೋಗುತ್ತೆ. ಕಣ್ಣೆದುರು ಇರೋದು ಎಲ್ಲ ಕಳೆದುಕೊಂಡ ಒಬ್ಬ ಮನುಷ್ಯ. ಜೊತೆಗೆ ಸಂಜಯ. ಕಾಲಿಟ್ಟಲ್ಲೆಲ್ಲ ಹೆಣ.

ದ್ರೋಣರ ದೇಹ ನೋಡ್ತಾನೆ. ಮುಂದೆ ಅಭಿಮನ್ಯು. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ಆ ಹುಡುಗನ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರಲಿ ಅಂತ ಕೈಮುಗೀತಾನೆ. ತನ್ನ ಮಗ ಲಕ್ಷಣಕುಮಾರನ ಶವ ನೋಡ್ತಾನೆ. ದುಶ್ಶಾಸನನ ಹತ್ತಿರ ಬಂದಾಗ ಮಾತು ಒಡೆಯುತ್ತೆ. ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲೂ ಮೊದಲು ನಾನು, ಆಮೇಲೆ ನೀನು; ಸಾಯೋದರಲ್ಲಿ ಮಾತ್ರ ಅಣ್ಣನನ್ನು ದಾಟಿ ಹೋದೆಯಲ್ಲೋ ಅಂತ ಅಳ್ತಾನೆ. ತಮ್ಮನನ್ನು ಕಳೆದುಕೊಂಡ ಯಾವ ಅಣ್ಣನ ಹೊಟ್ಟೆ ಉರಿಯಲ್ಲ ಹೇಳಿ?

ಈಗ ಮೂರು ಪ್ರಶ್ನೆಗೆ ಬರೋಣ. ಕಥೆಯನ್ನು ದ್ಯೂತಸಭೆಯಿಂದ ಶುರು ಮಾಡಿದರೆ ಅವನು ವಿಲನ್. ಕುರುಡು ತಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿ, ಕಿವಿ ಊದುವ ಶಕುನಿಯಿಂದ ಶುರು ಮಾಡಿದರೆ ಬಲಿಪಶು. ಕರ್ಣ ಬಿದ್ದ ಮೇಲಿನಿಂದ ಶುರು ಮಾಡಿದರೆ ಹೀರೋ. ಮನುಷ್ಯ ಅವನೇ, ಶುರುವಾದ ಜಾಗ ಮಾತ್ರ ಬೇರೆ.

ಹಾಗಂತ ಎಲ್ಲ ತೀರ್ಪೂ ಸಮ, ಯಾರು ಹೇಗೆ ಬೇಕಾದರೂ ಹೇಳಬಹುದು ಅಂತಲ್ಲ. ಕ್ಯಾಮೆರಾ ಎಲ್ಲಿಟ್ಟರೂ ಬದಲಾಗದ ಒಂದು ಲೆಕ್ಕ ಇದೆ: ಅವನ ಮುಂದೆ ಎಷ್ಟು ಬಾಗಿಲು ತೆರೆದಿದ್ದವು? ವಿದುರ ಹೇಳಿದ. ಕೃಷ್ಣ ಸಂಧಾನಕ್ಕೆ ಬಂದ, ಮಾತು ಐದು ಊರಿಗೆ ಇಳಿದಿತ್ತು. ಯುದ್ಧದ ಕೊನೆಯಲ್ಲಿ ಹೆತ್ತವರು ಬೇಡಿಕೊಂಡರು, ಶರಶಯ್ಯೆಯಲ್ಲಿ ಮಲಗಿದ್ದ ಭೀಷ್ಮರೂ ಸಂಧಿ ಮಾಡಿಕೋ ಅಂದರು. ಪ್ರತಿ ಬಾಗಿಲನ್ನೂ ತನ್ನ ಕೈಯಾರೆ ಮುಚ್ಚಿದವನು ಬಲಿಪಶು ಆಗೋದಿಲ್ಲ. ಬಾಗಿಲೇ ಇಲ್ಲದೆ ಸಿಕ್ಕಿಬಿದ್ದವಳು ದ್ರೌಪದಿ. ಪಣಕ್ಕಿಡುವ ಮುಂಚೆ ಅವಳನ್ನು ಯಾರೂ ಕೇಳಲಿಲ್ಲ, ಸಭೆಯಲ್ಲಿ ಅವಳ ಪ್ರಶ್ನೆಗೆ ಹಿರಿಯರು ನೇರ ಉತ್ತರ ಕೊಡಲಿಲ್ಲ. ದುರ್ಯೋಧನನ ಮೇಲೆ ಎಷ್ಟೇ ಕರುಣೆ ಉಕ್ಕಿದರೂ ಆ ದಿನ ಅಳಿಸಿಹೋಗಲ್ಲ. ರನ್ನನೂ ಅಳಿಸಿಲ್ಲ. ಎಲ್ಲಿ ಸಂಧಿಯಾಗಿ ತನ್ನ ಅವಮಾನ ಮರೆತುಹೋಗುತ್ತೋ ಅನ್ನೋ ದ್ರೌಪದಿಯ ಆತಂಕ ಅವನ ಕಾವ್ಯದಲ್ಲೂ ಇದೆ.

ಹಾಗಾದರೆ ನಮಗೆ ಅವನ ಬಗ್ಗೆ ಮರುಕ ಯಾಕೆ? ಪೂರ್ತಿ ಕೆಟ್ಟವನು ಬಿದ್ದರೆ ನೋಡುವವರಿಗೆ ಮರುಕ ಹುಟ್ಟಲ್ಲ, ದುರಂತ ನಾಯಕ ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ಕೆಟ್ಟವನೂ ಅಲ್ಲದ ನಡುವಿನವನಾಗಿರಬೇಕು ಅಂತ ಗ್ರೀಸಿನ ಅರಿಸ್ಟಾಟಲ್ ಹೇಳಿದ್ದ. ಇಂಗ್ಲಿಷ್ ಪ್ರೊಫೆಸರ್ ಆಗಿದ್ದ ಬಿ.ಎಂ.ಶ್ರೀ. ಅವರಿಗೆ ಆ ಗ್ರೀಕ್ ದುರಂತದ ಛಾಯೆ ರನ್ನನಲ್ಲೇ ಕಂಡಿತು. 1926ರಲ್ಲಿ ‘ಗದಾಯುದ್ಧ’ವನ್ನು ನಾಟಕವಾಗಿ ಕಟ್ಟಿಕೊಟ್ಟರು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಬೀಡು ಕಬ್ಬಿಣದ ಪಾಠ ಒಂದಿದೆ. ಅದು ಭಾರ ಹೊರೋದರಲ್ಲಿ ಗಟ್ಟಿ. ಆದರೆ ಉಕ್ಕಿನ ಹಾಗೆ ಬಾಗೋದಿಲ್ಲ. ಉಕ್ಕು ಬಾಗಿ ಎಚ್ಚರಿಕೆ ಕೊಡುತ್ತೆ, ಇದು ಒಮ್ಮೆಲೇ ಒಡೆಯುತ್ತೆ. ಅದನ್ನು ಗಟ್ಟಿ ಮಾಡಿದ ಗುಣವೇ ಅದನ್ನು ಒಡೆಯುತ್ತೆ. ದುರ್ಯೋಧನನ ಆ ಗುಣದ ಹೆಸರು ಛಲ. ರನ್ನನಿಗಿಂತ ಮುಂಚೆ, 941ರ ಹೊತ್ತಿಗೆ ಪಂಪನೇ ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಣ ಹೇಳುವಾಗ ದುರ್ಯೋಧನನಿಗೆ ಕೊಟ್ಟದ್ದು ಛಲವನ್ನೇ.

ಐದು ಊರು ಕೊಡಲ್ಲ ಅಂದದ್ದು ಛಲ. ಅದು ಲಕ್ಷಾಂತರ ಜನರ ಪ್ರಾಣ ತೆಗೆಯಿತು, ಅದಕ್ಕೆ ಕ್ಷಮೆ ಇಲ್ಲ. ಕೊನೆಗೆ ಸಂಧಿ ಬೇಡ ಅಂದದ್ದೂ ಅದೇ ಛಲ. ಆದರೆ ಆಗ ಅವನು ಹಿರಿಯರಿಗೆ ಕೊಟ್ಟ ಕಾರಣ ಬೇರೆ. ನನ್ನ ಹೋರಾಟ ನೆಲಕ್ಕಲ್ಲ, ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ನಾನು ಬಾಳೋದು ಹೇಗೆ ಅಂತಾನೆ. ಒಪ್ಪಿಕೊಂಡಿದ್ದರೆ ಜೀವ ಉಳೀತಿತ್ತು, ಅರ್ಧ ರಾಜ್ಯವೂ ಸಿಗ್ತಿತ್ತು. ಸತ್ತ ಗೆಳೆಯನಿಗಾಗಿ ಬಿಟ್ಟುಕೊಟ್ಟ. ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ಭೀಮನ ಮೂದಲಿಕೆ ಕೇಳಿ ನೀರಿನೊಳಗೇ ಬೆವೆತು ಎದ್ದು ಬಂದ. ತೊಡೆಗೆ ಹೊಡೆಯಬಾರದೆಂಬ ನಿಯಮ ಮುರಿದು ಅವನನ್ನು ಕೆಡವಿದರು.

ಹಾಗಾದರೆ ನನ್ನ ತೀರ್ಪು? ಮಾಡಿದ್ದರಲ್ಲಿ ಅವನು ವಿಲನ್. ಸೋಲನ್ನು ಎದುರಿಸಿದ ರೀತಿಯಲ್ಲಿ ನಾಯಕ. ಬಲಿಪಶು ಮಾತ್ರ ಅಲ್ಲವೇ ಅಲ್ಲ. ಮೊದಲ ಎರಡೂ ಏಕಕಾಲಕ್ಕೆ ನಿಜ ಆಗಬಹುದು ಅಂತ ಒಪ್ಪೋದು ಕಷ್ಟ, ಅದರಲ್ಲೂ ಸ್ಕ್ರೀನಿನ ಕೆಳಗಿನ ಪಟ್ಟಿಯಲ್ಲಿ ಒಂದೇ ಪದಕ್ಕೆ ಜಾಗ ಇಟ್ಟುಕೊಂಡಿರೋ ನಮ್ಮಂಥವರಿಗೆ. ರನ್ನನಿಗೆ ಆ ಕಷ್ಟ ಇರಲಿಲ್ಲ. ರಾಜನ ಪರ ಬರೆಯುತ್ತಲೇ ಸೋತವನಿಗೆ ಅವನ ಪಾಲಿನ ಘನತೆ ಕೊಟ್ಟ, ಅವನು ಮಾಡಿದ ಅನ್ಯಾಯವನ್ನೂ ಮುಚ್ಚಿಡಲಿಲ್ಲ. ನಾಳೆ ಯಾರಾದರೂ ಬಂದು, ಟಿವಿಯಲ್ಲಿ ನಾನೇ ಬಂದು, ಇವನು ಹೀರೋ, ಇವನು ವಿಲನ್ ಅಂತ ಒಂದೇ ಉಸಿರಿಗೆ ಹೇಳಿದರೆ ನೀವು ಎರಡೇ ಪ್ರಶ್ನೆ ಕೇಳಿ. ಕಥೆಯನ್ನು ಎಲ್ಲಿಂದ ಶುರು ಮಾಡಿದಿರಿ? ಆ ಸಭೆಯಲ್ಲಿ ನಿಂತಿದ್ದ ಹೆಣ್ಣುಮಗಳು ನಿಮ್ಮ ಕಥೆಯಲ್ಲಿ ಎಲ್ಲಿದ್ದಾಳೆ?