ಚಕ್ರದ ಮಾತು ನಂಬದ ಗಾಡಿ

ಹಾವೇರಿ ಜಿಲ್ಲೆಯ ಒಬ್ಬ ಹೈಸ್ಕೂಲು ಹುಡುಗಿಯ ಪತ್ರ ಹೋದ ವಾರ ಕೈಸೇರಿತು. ‘ನಮ್ಮ ಪ್ರಜ್ಞಾನ್ ರೋವರ್ ಚಂದ್ರನ ಮೇಲೆ ಹತ್ತು ದಿನ ಓಡಾಡಿ ನೂರು ಮೀಟರ್ ಹೋಯಿತಂತೆ. ನನ್ನ ತಮ್ಮನ ರಿಮೋಟ್ ಕಾರು ಅಷ್ಟು ದೂರವನ್ನು ಒಂದು ನಿಮಿಷದಲ್ಲಿ ಹೋಗುತ್ತದೆ. ಇನ್ನೂ ಜೋರಾದ ಮೋಟಾರು ಹಾಕಬಾರದಿತ್ತೆ?’ ಎಂದು ಕೇಳಿದ್ದಾಳೆ. ಇಂಥ ಪ್ರಶ್ನೆ ಕೇಳಬೇಕಾದ್ದೇ. ದೊಡ್ಡವರು ಚಪ್ಪಾಳೆ ತಟ್ಟಿ ಸುಮ್ಮನಾದರು, ಈ ಹುಡುಗಿ ಲೆಕ್ಕ ಹಾಕಿದಳು.

ಮೋಟಾರಿನದಲ್ಲ ಮಗಳೇ, ತೊಂದರೆ ಇರುವುದು ‘ರಿಮೋಟ್’ ಅನ್ನುವ ಮಾತಿನಲ್ಲಿ. ರೋವರ್ ಎಂದರೆ ಬೆಂಗಳೂರಿನಲ್ಲಿ ಒಬ್ಬರು ಪರದೆ ನೋಡುತ್ತಾ ಕೂತು, ಕೈಯಲ್ಲಿ ಹಿಡಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುವ ಆಟಿಕೆ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗೆ ನಡೆಸಿದ್ದೂ ಉಂಟು. 1970ರಲ್ಲಿ ಸೋವಿಯತ್ ದೇಶದ ಲೂನಖೋದ್ ಎಂಬ ಎಂಟು ಚಕ್ರದ ಗಾಡಿಯನ್ನು ಕ್ರಿಮಿಯಾದಲ್ಲಿ ಕೂತ ಐದು ಮಂದಿಯ ತಂಡ ಚಂದ್ರನ ಮೇಲೆ ಹೊಡೆಯಿತು. ಆದರೆ ಬೆಳಕಿಗೂ ಚಂದ್ರನಿಗೆ ಹೋಗಿ ಬರಲು ಎರಡೂವರೆ ಸೆಕೆಂಡು ಬೇಕು. ಅಂದರೆ ಪರದೆಯಲ್ಲಿ ಕಾಣುವ ಕಲ್ಲು ಹಳೆಯ ಸುದ್ದಿ. ನೀವು ಬ್ರೇಕು ಒತ್ತಿದ ಸುದ್ದಿ ಅಲ್ಲಿಗೆ ಮುಟ್ಟುವುದು ಇನ್ನೂ ತಡ.

ಈ ತಡದ ಬೆಲೆಯೆಷ್ಟು ಎಂದು ಅಳೆದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಆಡಮ್ಸ್. 1960ರ ದಶಕದ ಆರಂಭದಲ್ಲಿ, ಅವರಿನ್ನೂ ವಿದ್ಯಾರ್ಥಿ. ಸೈಕಲ್ ಚಕ್ರಗಳ ಮೇಲೆ ಒಂದು ಟಿವಿ ಕ್ಯಾಮೆರಾ ಕೂರಿಸಿ, ಬೇಕೆಂದೇ ಎರಡೂವರೆ ಸೆಕೆಂಡಿನ ತಡ ಸೇರಿಸಿ ಗಾಡಿ ನಡೆಸಿ ನೋಡಿದರು. ಗಂಟೆಗೆ ಸುಮಾರು 300 ಮೀಟರಿಗಿಂತ ಜೋರಾಗಿ ಹೋದರೆ ಗಾಡಿ ಕೈಗೆ ಸಿಗುತ್ತಿರಲಿಲ್ಲ! ತೆವಳುವ ಮಗು ಇದಕ್ಕಿಂತ ಬೇಗ ಹೋಗುತ್ತದೆ. ಇನ್ನು ಮಂಗಳನಿಗಾದರೆ ಸುದ್ದಿ ಒಂದು ದಿಕ್ಕಿಗೆ ಹೋಗಲೇ 3ರಿಂದ 22 ನಿಮಿಷ. ಅಲ್ಲಿ ಹಿಡಿ ತಿರುಗಿಸುವ ಮಾತೇ ಇಲ್ಲ. ಇವತ್ತಿನ ಕೆಲಸವನ್ನೆಲ್ಲ ಬರೆದು ಒಟ್ಟಿಗೆ ಕಳಿಸಬೇಕು, ಸಂಜೆ ಗಾಡಿ ಏನು ಹೇಳುತ್ತದೋ ಕಾಯಬೇಕು.

ಪ್ರಜ್ಞಾನ್ ನಡೆದದ್ದೂ ಹೆಚ್ಚುಕಡಿಮೆ ಹೀಗೆಯೇ. 26 ಕೆ.ಜಿ. ತೂಕದ, ಆರು ಚಕ್ರದ ಈ ಕೂಸು ಸೆಕೆಂಡಿಗೆ ಒಂದು ಸೆಂಟಿಮೀಟರ್ ಸರಿಯುತ್ತಿತ್ತು. ತನ್ನೆರಡು ಕ್ಯಾಮೆರಾಗಳಿಂದ ಮುಂದಿನ ನೆಲದ ಚಿತ್ರ ತೆಗೆದು ಕಳಿಸುವುದು. ಆ ಚಿತ್ರಗಳಿಂದ ಇಲ್ಲಿನವರು ಏರುತಗ್ಗಿನ ನಕ್ಷೆ ಮಾಡುವುದು. ದಾರಿ ಗೊತ್ತುಮಾಡಿ ಆಜ್ಞೆ ಕಳಿಸುವುದು. ನಕ್ಷೆ ಐದು ಮೀಟರಿನಾಚೆಗೆ ನಿಲುಕುತ್ತಿರಲಿಲ್ಲ. ಆದ್ದರಿಂದ ಒಂದು ಸಲಕ್ಕೆ ಐದೇ ಮೀಟರ್. 2023ರ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಾಗ, ಬಂದ ದಾರಿಯಲ್ಲೇ ಹಿಂದಿರುಗಲು ಹೇಳಿದ್ದು ನೆನಪಿರಬಹುದು. ತಮ್ಮನ ಕಾರಿನ ವೇಗದಲ್ಲಿ ಹೋಗಿದ್ದರೆ ಆ ಸುದ್ದಿ ಬೇರೆಯೇ ಆಗಿರುತ್ತಿತ್ತು.

ಇಷ್ಟು ನಿನ್ನ ಪ್ರಶ್ನೆಗೆ ಉತ್ತರ. ಆದರೆ ನನಗೆ ಹೇಳಬೇಕೆನಿಸುವುದು ಇನ್ನೊಂದಿದೆ. ಐದು ಮೀಟರ್ ಹೋಗು ಎಂದೆವು. ಹೋಯಿತೋ ಇಲ್ಲವೋ ಗಾಡಿಗೆ ಗೊತ್ತಾಗುವುದು ಹೇಗೆ?

ಚಕ್ರದ ಸುತ್ತು ಎಣಿಸಿದರಾಯಿತು ಎನ್ನುತ್ತೀರಿ. ನಾನೂ ಹಾಗೆ ಅಂದುಕೊಂಡಿದ್ದವನೇ. ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಆಗುಂಬೆ ಕಡೆಯ ಒಂದು ಮಣ್ಣುರಸ್ತೆಯಲ್ಲಿ ನಮ್ಮ ಜೀಪು ಹುದುಲಿಗೆ ಇಳಿಯಿತು. ಹಿಂಚಕ್ರ ಗಿರಗಿರನೆ ತಿರುಗುತ್ತಿತ್ತು. ಮೀಟರಿನ ಮುಳ್ಳು ಮೂವತ್ತು ಕಿಲೋಮೀಟರ್ ತೋರಿಸುತ್ತಿತ್ತು. ಕಿಟಕಿಯಾಚೆಯ ಲಂಟಾನ ಪೊದೆ ಮಾತ್ರ ಅಲ್ಲಿಯೇ ಇತ್ತು. ಚಕ್ರಕ್ಕೆ ಗೊತ್ತಿರುವುದು ತಾನು ತಿರುಗಿದ್ದಷ್ಟೇ. ಹೋದೆವೋ ಇಲ್ಲವೋ ಹೇಳಬೇಕಾದ್ದು ಪೊದೆ.

ಮಂಗಳನ ಮೇಲೆ ಇದೇ ನಡೆಯಿತು. 2005ರ ಏಪ್ರಿಲ್‌ನಲ್ಲಿ ಒಂದು ದಿನ ಅಮೆರಿಕದ ಆಪರ್ಚುನಿಟಿ ರೋವರ್‌ಗೆ 90 ಮೀಟರ್ ಹೋಗಲು ಹೇಳಿದ್ದರು. ಸುಮಾರು 40 ಮೀಟರ್ ಹೋಗುವಷ್ಟರಲ್ಲಿ ನುಣುಪು ಮರಳಿನ ದಿಬ್ಬವೊಂದರಲ್ಲಿ ಚಕ್ರಗಳು ಹೂತವು. ಗಾಡಿಗೆ ಅದು ಗೊತ್ತಾಗಲಿಲ್ಲ. ಉಳಿದ 50 ಮೀಟರಿನ ಸುತ್ತುಗಳನ್ನೂ ಪ್ರಾಮಾಣಿಕವಾಗಿ ತಿರುಗಿಸಿ ಮುಗಿಸಿತು, ನಿಂತಲ್ಲೇ ಗುಂಡಿ ತೋಡಿಕೊಳ್ಳುತ್ತಾ. ಭೂಮಿಯಲ್ಲಿದ್ದ ಅದರ ತಂಡದವರು ಪ್ರಯೋಗಾಲಯದಲ್ಲಿ ಮರಳು, ಪುಡಿಮಣ್ಣು ಬೆರೆಸಿ ಅಂಥದೇ ಗುಂಡಿ ಮಾಡಿ, ಇನ್ನೊಂದು ಗಾಡಿಯನ್ನು ಅದರಲ್ಲಿ ಹೂತು ಎಬ್ಬಿಸಿ ಅಭ್ಯಾಸ ಮಾಡಿದರು. ಹೊರಬರಲು ಸುಮಾರು ಐದು ವಾರ ಹಿಡಿಯಿತು. ಆಮೇಲಿಂದ ನಡುನಡುವೆ ‘ಪೊದೆ ನೋಡುವುದು’ ಕಡ್ಡಾಯವಾಯಿತು.

ನೋಡುವುದು ಹೇಗೆಂದರೆ, ಮುಖದ ಮೇಲಿನ ಎರಡು ಕಣ್ಣಿನಂತೆ ಗಾಡಿಯ ಕಂಬದ ಮೇಲೆ ಒಂದು ಜೋಡಿ ಕ್ಯಾಮೆರಾ. ಚಿತ್ರ ತೆಗೆದು, ಅದರಲ್ಲಿ ಎದ್ದುಕಾಣುವ ಹತ್ತಾರು ಗುರುತುಗಳನ್ನು ಆರಿಸಿಕೊಳ್ಳುತ್ತದೆ: ಕಲ್ಲಿನ ಮೂಲೆ, ಬಿರುಕಿನ ತುದಿ, ನೆರಳಿನ ಅಂಚು. ಎರಡು ಕಣ್ಣಿರುವುದರಿಂದ ಒಂದೊಂದೂ ಎಷ್ಟು ದೂರ ಎಂದು ಲೆಕ್ಕ ಸಿಗುತ್ತದೆ. ಒಂದು ಮೀಟರಿಗಿಂತ ಕಡಿಮೆ ಸರಿದು ಮತ್ತೆ ಚಿತ್ರ. ಅದೇ ಕಲ್ಲುಗಳನ್ನು ಹುಡುಕಿ, ‘ಇವೆಲ್ಲ ಈಗ ಹೀಗೆ ಕಾಣಬೇಕಾದರೆ ನಾನು ಎಲ್ಲಿರಬೇಕು?’ ಎಂದು ಬಿಡಿಸುತ್ತದೆ. ಹೊಂದದ ಕಲ್ಲನ್ನು ಪಕ್ಕಕ್ಕಿಡುತ್ತದೆ. ಈ ಉತ್ತರಕ್ಕೂ ಚಕ್ರ ಕೊಟ್ಟ ಉತ್ತರಕ್ಕೂ ತೀರಾ ವ್ಯತ್ಯಾಸ ಬಂದರೆ, ಯಾರನ್ನೂ ಕೇಳದೆ ನಿಂತುಬಿಡುತ್ತದೆ. ಆಪರ್ಚುನಿಟಿಯ ಕಂಪ್ಯೂಟರಿನ ಓಟ 20 ಮೆಗಾಹರ್ಟ್ಸ್. ಇಂಥ ಒಂದು ಲೆಕ್ಕಕ್ಕೆ ಅದು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ನಿಂತು ಯೋಚಿಸಬೇಕು, ಮತ್ತೊಂದು ಹೆಜ್ಜೆ ಇಡಬೇಕು. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್‌ಗೆ ಇದಕ್ಕೆಂದೇ ಬೇರೊಂದು ಕಂಪ್ಯೂಟರ್ ಇರುವುದರಿಂದ ಅದು ನಡೆಯುತ್ತಲೇ ಯೋಚಿಸುತ್ತದೆ.

ಈ ವಿದ್ಯೆ ಮೊಳೆತದ್ದೆಲ್ಲಿ ಗೊತ್ತೆ? ಆಡಮ್ಸ್ ಕಟ್ಟಿದ ಅದೇ ಗಾಡಿಯಲ್ಲಿ! ಮೂಲೆ ಸೇರಿದ್ದ ಅದನ್ನು ಮುಂದೆ ಹಾನ್ಸ್ ಮೊರಾವೆಕ್ ಎಂಬ ವಿದ್ಯಾರ್ಥಿ ಹಿಡಿದುಕೊಂಡರು. ನಿಂತಲ್ಲಿ ಕ್ಯಾಮೆರಾವನ್ನು ಅಡ್ಡಕ್ಕೆ ಜಾರಿಸಿ ಒಂಬತ್ತು ಚಿತ್ರ, ಹತ್ತು ಹದಿನೈದು ನಿಮಿಷ ಯೋಚನೆ, ಒಂದು ಮೀಟರ್ ನಡೆ. 1979ರಲ್ಲಿ ಕುರ್ಚಿಗಳು ತುಂಬಿದ್ದ ಕೋಣೆಯನ್ನು ಯಾರ ನೆರವೂ ಇಲ್ಲದೆ ಅದು ದಾಟಿತು. 20 ಮೀಟರಿಗೆ ಐದು ಗಂಟೆ. ಈ ಐದು ಗಂಟೆಗಳನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕಲ್ಲೇ ಇಲ್ಲದ ಬರೀ ಮರಳಿನಲ್ಲಿ ಗುರುತಿಗೇನು ಮಾಡುವುದು? ಗಾಡಿ ಕಣ್ಣು ಹಿಂದಕ್ಕೆ ತಿರುಗಿಸಿ ತನ್ನದೇ ಜಾಡು ನೋಡುತ್ತದೆ. 2012ರಲ್ಲಿ ಮಂಗಳಕ್ಕಿಳಿದ ಕ್ಯೂರಿಯಾಸಿಟಿಯ ಚಕ್ರಗಳಲ್ಲಿ ಇದಕ್ಕಾಗಿ ತೂತುಗಳನ್ನೇ ಕೊರೆದಿದ್ದಾರೆ. ಗಿಡ್ಡ ತೂತು, ಉದ್ದ ತೂತು. ಹಳೆಯ ತಂತಿ ಕಚೇರಿಯ ಮೋರ್ಸ್ ಸಂಕೇತ. ಓದಿಕೊಂಡರೆ ಅದನ್ನು ಕಟ್ಟಿದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮೂರು ಮೊದಲಕ್ಷರ, ಜೆ, ಪಿ, ಎಲ್! ಚಕ್ರದ ಅಡ್ಡಳತೆ 50 ಸೆಂಟಿಮೀಟರ್, ಸುತ್ತಳತೆ 157. ಮರಳಿನಲ್ಲಿ ಒಂದು ಸಹಿಯಿಂದ ಮುಂದಿನ ಸಹಿಗೆ 157 ಸೆಂ.ಮೀ. ಇದ್ದರೆ ಚಕ್ರ ಸತ್ಯ ಹೇಳಿದೆ. ಹತ್ತಿರ ಹತ್ತಿರ ಬಿದ್ದಿದ್ದರೆ ಜಾರಿದೆ.

ಹೀಗೆ ಮಂಗಳನ ನೆಲದ ಒಂದೊಂದು ಮಾರನ್ನೂ ಅಳೆದು ನೋಡುತ್ತಿರುವ ಕಾಲದಲ್ಲೇ, ಕುಜದೋಷವೆಂದು ಹೆಣ್ಣುಮಕ್ಕಳ ಸಂಬಂಧ ಮುರಿಯುವವರು ನಮ್ಮ ಪಕ್ಕದ ಮನೆಗಳಲ್ಲೇ ಇದ್ದಾರೆ. ಅವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಕುಜನೆಂದರೆ ತುಕ್ಕುಬಣ್ಣದ ಮರಳು, ಕಲ್ಲು, ಗಾಳಿ. ಅದರಿಂದ ಕಾಟವಾಗಿದ್ದರೆ ಅದರಲ್ಲಿ ಹೂತ ಗಾಡಿಗಳಿಗೆ ಮಾತ್ರ.

ಪತ್ರ ಬರೆದ ಹುಡುಗಿ, ತಮ್ಮನ ಕಾರನ್ನು ಒಂದು ಮಧ್ಯಾಹ್ನ ಕೇಳಿ ತೆಗೆದುಕೊ. ನಾನು ನಮ್ಮ ಬೀದಿಯ ಮಗುವಿನಿಂದ ಕೇಳಿ ತಂದೆ. ಹಿಂದಿನ ಒಂದು ಚಕ್ರಕ್ಕೆ ಬೆಂಕಿಕಡ್ಡಿಯ ಚೂರು ಅಂಟಿಸಿದೆ, ಪ್ರತಿ ಸುತ್ತಿಗೂ ಒಂದು ಗೀರು ಬೀಳುವಂತೆ. ಹಿಟ್ಟು ಚೆಲ್ಲಿದ ಸಿಮೆಂಟು ನೆಲದ ಮೇಲೆ ಗೀರಿನಿಂದ ಗೀರಿಗೆ 20 ಸೆಂ.ಮೀ. ಮನೆ ಕಟ್ಟಲು ರಾಶಿ ಹಾಕಿದ್ದ ಮರಳಿನ ಬುಡದಲ್ಲಿ, ಹಸಿಯಿದ್ದ ಕಡೆ, 17. ಒಣಗಿದ ಏರಿನಲ್ಲಿ 9, ಆಮೇಲೆ 6. ಅದರಾಚೆ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು, ಚಕ್ರ ಇನ್ನೂ ತಿರುಗುತ್ತಲೇ ಇತ್ತು.