ಸರಕು ರವಾನೆಯ ಉದ್ಯಮ: ಕ್ಯೂನೆ–ನಾಗೆಲ್ ಸಂಸ್ಥೆಯ ಉಗಮ ಮತ್ತು ಬೆಳವಣಿಗೆ

ಸರಕಿನ ಒಡೆಯನಿಗೂ ಅದನ್ನು ಹೊತ್ತೊಯ್ಯುವ ರೈಲು, ಹಡಗುಗಳ ಒಡೆಯನಿಗೂ ನಡುವೆ ನಿಂತು ಸಾಗಣೆಯನ್ನು ಏರ್ಪಡಿಸುವವನು ರವಾನೆದಾರ. ಅವನಿಗೆ ಸ್ವಂತ ಹಡಗು ಇರಬೇಕಾದುದಿಲ್ಲ. ದಾರಿ, ದರ, ಸುಂಕ, ಕಾಗದಪತ್ರಗಳನ್ನು ಕುರಿತ ತಿಳಿವಳಿಕೆ ಹಾಗೂ ವ್ಯಾಪಾರಿಗಳ ನಂಬಿಕೆ ಇವೇ ಅವನ ಮೂಲಧನ. ಈ ಮೂಲಧನದ ಬಲವನ್ನೂ ಅಪಾಯವನ್ನೂ ಜರ್ಮನಿಯ ಕ್ಯೂನೆ–ನಾಗೆಲ್ ಸಂಸ್ಥೆಯ ಇತಿಹಾಸದಲ್ಲಿ ಕಾಣಬಹುದು.

೧೮೯೦ರಲ್ಲಿ ಆಗಸ್ಟ್ ಕ್ಯೂನೆ ಮತ್ತು ಫ್ರೀಡ್ರಿಖ್ ನಾಗೆಲ್ ಎಂಬವರು ಬ್ರೆಮೆನ್ ಬಂದರಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಹತ್ತಿಯ ಸಾಗಣೆಯೂ ಬಿಡಿ ಸರಕುಗಳ ಕೂಡಿಕೆಯೂ ಅವರ ಮೊದಲ ವ್ಯವಹಾರಗಳು. ಕೂಡಿಕೆಯ ಕ್ರಮ ಹೀಗೆ: ಒಬ್ಬ ವ್ಯಾಪಾರಿಯ ನಾಲ್ಕು ಪೆಟ್ಟಿಗೆಗಳಿಗೆ ತಗಲುವ ಬಿಡಿ ದರ ಹೆಚ್ಚು, ತುಂಬಿದ ವ್ಯಾಗನ್ನಿನ ದರ ತೂಕದ ಲೆಕ್ಕದಲ್ಲಿ ಕಡಮೆ. ಹಲವರ ಪೆಟ್ಟಿಗೆಗಳನ್ನು ಒಂದೇ ವ್ಯಾಗನ್ನಿನಲ್ಲಿ ತುಂಬಿದರೆ ಉಳಿಯುವ ವ್ಯತ್ಯಾಸದಲ್ಲಿ ಒಂದು ಪಾಲು ವ್ಯಾಪಾರಿಗೆ, ಇನ್ನೊಂದು ರವಾನೆದಾರನಿಗೆ. ೧೯೦೨ರಲ್ಲಿ ಹ್ಯಾಂಬರ್ಗಿನಲ್ಲಿ ಶಾಖೆ ತೆರೆಯಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದವರು ಯೆಹೂದ್ಯ ಪಾಲುದಾರ ಅಡಾಲ್ಫ್ ಮಾಸ್.

೧೯೩೨ರಲ್ಲಿ ಆಗಸ್ಟ್ ಕ್ಯೂನೆ ತೀರಿಕೊಂಡರು; ಆಡಳಿತವು ಅವರ ಮಕ್ಕಳಾದ ಆಲ್‌ಫ್ರೆಡ್ ಮತ್ತು ವೆರ್ನರ್ ಅವರಿಗೆ ಬಂದಿತು. ೧೯೩೩ರಲ್ಲಿ ನಾಜಿಗಳು ಅಧಿಕಾರ ಹಿಡಿದ ಕೆಲವೇ ತಿಂಗಳುಗಳಲ್ಲಿ ಮಾಸ್ ಸಂಸ್ಥೆಯಿಂದ ಹೊರಬೀಳಬೇಕಾಯಿತು. ೧೯೪೪ರಲ್ಲಿ ಅವರನ್ನು ಆಷ್ವಿಟ್ಸ್ ಶಿಬಿರಕ್ಕೆ ಒಯ್ಯಲಾಯಿತು, ಅವರು ಮರಳಲಿಲ್ಲ. ೧೯೪೨ರಿಂದ ೧೯೪೪ರವರೆಗೆ ನಾಜಿ ಆಡಳಿತವು ಫ್ರಾನ್ಸ್, ಬೆಲ್ಜಿಯಂ, ಹಾಲೆಂಡುಗಳಲ್ಲಿ ಗಡೀಪಾರಾದ ಅಥವಾ ಓಡಿಹೋದ ಯೆಹೂದ್ಯರ ಸುಮಾರು ೭೦,೦೦೦ ಮನೆಗಳನ್ನು ಬರಿದುಮಾಡಿತು. ಆ ಗೃಹಸಾಮಗ್ರಿಯನ್ನು ಜರ್ಮನಿಗೆ ಸಾಗಿಸುವುದರಲ್ಲಿ ಈ ಸಂಸ್ಥೆ ಪ್ರಮುಖ ಪಾತ್ರ ವಹಿಸಿತು. ವ್ಯಾಪಾರಕ್ಕೆ ನೆರವಾಗಿದ್ದ ಸಾಗಣೆಯ ಜಾಣ್ಮೆಯೇ ಇಲ್ಲಿ ಕೊಳ್ಳೆಯ ಸಾಧನವಾಯಿತು.

ಯುದ್ಧಾನಂತರ ಸಂಸ್ಥೆ ೧೯೫೩ರಲ್ಲಿ ಕೆನಡಾದಲ್ಲಿ ಶಾಖೆ ತೆರೆದು, ಕ್ರಮೇಣ ಅನ್ಯ ಖಂಡಗಳಿಗೆ ಹಬ್ಬಿತು. ಆದರೆ ೧೯೭೦ರ ದಶಕದಲ್ಲಿ ಸ್ವಂತ ಹಡಗುಗಳನ್ನಿಟ್ಟು ಭಾರಿ ನಷ್ಟಕ್ಕೆ ಗುರಿಯಾಯಿತು. ೧೯೮೧ರಲ್ಲಿ ಅರ್ಧ ಒಡೆತನವನ್ನು ಲಾನ್ರೋ ಎಂಬ ಬ್ರಿಟಿಷ್ ಸಂಸ್ಥೆಗೆ ಮಾರಬೇಕಾಯಿತು. ೧೯೯೨ರ ವೇಳೆಗೆ ಕ್ಯೂನೆ ಮನೆತನ ಅದನ್ನು ಮರಳಿ ಕೊಂಡಿತು. ಹಡಗಿನ ಒಡೆತನ ರವಾನೆದಾರನ ಬಲವಲ್ಲವೆಂಬುದಕ್ಕೆ ಇದೇ ನಿದರ್ಶನ. ಇಂದು ಸ್ವಿಟ್ಜರ್ಲೆಂಡಿನಲ್ಲಿ ಕೇಂದ್ರವುಳ್ಳ ಇದು ಜಗತ್ತಿನ ಅತಿ ದೊಡ್ಡ ರವಾನೆ ಸಂಸ್ಥೆಗಳಲ್ಲೊಂದು.

೨೦೧೫ರಲ್ಲಿ ಸಂಸ್ಥೆಯು ನಾಜಿ ಕಾಲದ ತನ್ನ ಕಾರ್ಯಕ್ಕೆ ವಿಷಾದ ವ್ಯಕ್ತಪಡಿಸಿತು. ಹೀಗೆ ಸುಲಿಗೆಗೆ ಒಳಗಾದ ಯೆಹೂದ್ಯರ ಸ್ಮಾರಕವೊಂದು ೨೦೨೩ರಲ್ಲಿ ಬ್ರೆಮೆನ್ನಿನಲ್ಲಿ, ಸಂಸ್ಥೆಯ ಕಟ್ಟಡಕ್ಕೆ ಸಮೀಪದಲ್ಲಿಯೇ, ಅನಾವರಣಗೊಂಡಿತು. ವಾಣಿಜ್ಯ ಸಂಸ್ಥೆಗಳ ಚರಿತ್ರೆಯನ್ನು ಅಭ್ಯಸಿಸುವವರು ಸಾಗಿದ ಸರಕಿನ ಪ್ರಮಾಣವನ್ನು ಲೆಕ್ಕ ಹಾಕಿದರೆ ಸಾಲದು; ಆ ಸರಕು ಯಾರದು, ಅದು ಅವರ ಒಪ್ಪಿಗೆಯಿಂದ ಸಾಗಿತೇ ಎಂಬುದನ್ನೂ ಕೇಳಬೇಕು.