ಮೊರೇರ ಗುಡ್ಡದ ಕಲ್ಲುಮನೆಗಳು

ಊರನ್ನು ಮೊದಲು ಕಟ್ಟಿದವರ ಹೆಸರು ಉಳಿಯುವದು ವಿರಳ. ಅವರು ನಿಲ್ಲಿಸಿದ ಕಲ್ಲು ಮಾತ್ರ ಒಮ್ಮೊಮ್ಮೆ ಉಳಿಯುವದು. ಕನ್ನಡ ನಾಡಿನಲ್ಲಿ ಬಹು ಹಿಂದೆ ನೆಲೆನಿಂತ ಜನರ ಇಂಥದೊಂದು ಕುರುಹು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟಗಳಲ್ಲಿದೆ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರು ದೂರದ ಈ ಸ್ಥಳವನ್ನು ನೋಡಲು ಬೀದರ ಜಿಲ್ಲೆಯ ಮನ್ನಳ್ಳಿಯಿಂದ ನಾವು ಕುಟುಂಬಸಮೇತರಾಗಿ ಹೋಗಿದ್ದೆವು.

ಬೆಟ್ಟವನ್ನು ನಡೆದೇ ಏರಬೇಕು. ಕೆಂಪು ಜಂಬಿಟ್ಟಿಗೆಗೆ ಒಗ್ಗಿದ ಬೀದರದವರ ಕಣ್ಣಿಗೆ ಇಲ್ಲಿಯ ಬೂದುಬಣ್ಣದ ಬಂಡೆಗಳ ರಾಶಿ ಬೇರೊಂದು ಲೋಕದಂತೆ ತೋರುವದು. ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದಿಂದ ಬರೆದ ಮನುಷ್ಯರ ಹಾಗೂ ಪ್ರಾಣಿಗಳ ಚಿತ್ರಗಳಿವೆ. ಮೇಲೇರಿದ ಮೇಲೆ ಕಲ್ಲಿನ ಕೇರಿಯೇ ಎದುರಾಗುವದು. ಸುತ್ತಲೂ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಅನೇಕ ಕೋಣೆಗಳಿಗೆ ಒಂದು ದುಂಡನೆಯ ಕಿಂಡಿ. ಸುಣ್ಣವಿಲ್ಲ, ಗಾರೆಯಿಲ್ಲ; ಕಲ್ಲಿನ ಭಾರವೇ ಕಲ್ಲಿಗೆ ಆಧಾರ. ದೊಡ್ಡವು ಚಿಕ್ಕವು ಸೇರಿ ಇಂಥ ರಚನೆಗಳು ಸುಮಾರು 400 ಇರುವವು. ಹತ್ತಿರದಲ್ಲಿಯೇ ಒಂದು ಕೊಳವಿದೆ. ಬಡಿದರೆ ದೂರದವರೆಗೆ ಸದ್ದು ಕೇಳಿಸುವ ನಗಾರಿಯಾಕಾರದ ಕಲ್ಲೂ ಉಂಟು.

ಇವು ಮೊರೇರೆಂಬ ಗಿಡ್ಡ ಜನರ ಮನೆಗಳೆಂದು ಸುತ್ತಲಿನವರು ಹೇಳುವರು. ಇವು ಕ್ರಿಸ್ತಶಕಕ್ಕಿಂತ ಹಿಂದಿನ ಶತಮಾನಗಳಲ್ಲಿ, ಕಬ್ಬಿಣದ ಬಳಕೆಯನ್ನರಿತ ಜನರು ತಮ್ಮಲ್ಲಿ ತೀರಿಕೊಂಡವರಿಗಾಗಿ ನಿಲ್ಲಿಸಿದವೆಂದು ಪಂಡಿತರ ಮತ. ಬಾಳಿದವರ ಗುಡಿಸಲುಗಳು ಅಳಿದುಹೋದವು. ಅಗಲಿದವರಿಗೆ ಕಟ್ಟಿದ ಮನೆಗಳು ಎರಡು ಸಾವಿರ ವರುಷಕ್ಕೂ ಮಿಕ್ಕಿ ಬಾಳಿದವು! ನಮ್ಮ ಮಕ್ಕಳು ಒಂದು ಕಿಂಡಿಯಲ್ಲಿ ನುಸುಳಲು ಹವಣಿಸಿದಾಗ ಅವರ ಅಜ್ಜಿಯವರು, "ಬ್ಯಾಡ್ರೋ, ಅದು ಯಾರದೋ ಹಿರಿಯರ ಮನಿ" ಎಂದು ತಡೆದರು. ಆ ಒಂದೇ ಮಾತಿನಲ್ಲಿ ಈ ಸ್ಥಳದ ಮರ್ಮವೆಲ್ಲ ಅಡಗಿದೆಯೆಂದು ನಮಗೆನಿಸಿತು.

ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು 19ನೆಯ ಶತಮಾನದಲ್ಲಿಯೇ ಈ ಕಲ್ಲುಗಳ ವಿಷಯ ಬರೆದನು. 1948ರ ವರೆಗೆ ಬೀದರವೂ ಗಂಗಾವತಿಯೂ ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದವು. 2021ರಲ್ಲಿ ಈ ಸ್ಥಳವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಚಪ್ಪಡಿಗಳು ಬೀಳದೆ ನಿಲ್ಲಲಾರವು. ನಿಧಿಯ ಆಸೆಯಿಂದ ಅಗೆದವರೂ, ವಿನೋದಕ್ಕಾಗಿ ಕಲ್ಲುಗಳನ್ನು ಕೆಡಿಸಿದವರೂ ಮಾಡಿದ ಹಾನಿಯನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಸತ್ತವರ ಕೋಣೆಯಲ್ಲಿ ಹೊನ್ನನ್ನು ಹುಡುಕುವವನಿಗೆ ದೊರೆಯುವದು ಬರಿಯ ಮಣ್ಣು; ನಾಡು ಕಳೆದುಕೊಳ್ಳುವದು ಮರಳಿ ಬಾರದ ಸಿರಿ.

ಹೋಗಬಯಸುವವರು ಬೆಳಗಿನ ತಂಪಿನಲ್ಲಿಯೇ ಏರತಕ್ಕದ್ದು. ಕುಡಿಯುವ ನೀರನ್ನೂ ಬುತ್ತಿಯನ್ನೂ ಕೊಂಡೊಯ್ಯತಕ್ಕದ್ದು. ಚಪ್ಪಡಿಗಳ ಮೇಲೆ ಹತ್ತಬಾರದು, ಅವುಗಳ ಬಳಿ ಒಲೆ ಹೂಡಬಾರದು, ಹೆಸರು ಕೆತ್ತಬಾರದು. ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಹಿರಿಯರ ಮನೆಯಲ್ಲಿ ಹೇಗೆ ನಡೆಯಬೇಕೆಂಬದನ್ನು ಕಲಿಸಲು ಇದಕ್ಕಿಂತ ತಕ್ಕ ಪಾಠಶಾಲೆ ದೊರೆಯದು.